ಪಟ್ಟಿ ಬಿಚ್ಚಿ ಸೇದಿದಾಗ: ಹೊಸ ಸಿಗಾರ್ ಬ್ಲೆಂಡುಗಳನ್ನು ನಾವು ರುಚಿ ನೋಡುವ ಬಗೆ

ಹೊಸ ಸಿಗಾರ್ ಅಂಗಡಿಗೆ ಬಂದ ವಾರವೇ ‘ಹೇಗಿದೆ?’ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಒಂದೆರಡು ತಿಂಗಳು ತಡೆಯಿರಿ. ಫ್ಲಾರಿಡಾದ ಟ್ಯಾಂಪಾದಲ್ಲಿರುವ ನಮ್ಮ ಪುಟ್ಟ ಗುಂಪು ಹೊಸ ಬ್ಲೆಂಡುಗಳನ್ನು, ಅಂದರೆ ಬೇರೆಬೇರೆ ಎಲೆಗಳನ್ನು ಬೆರೆಸಿ ಸುತ್ತಿದ ಹೊಸ ಸಿಗಾರ್‌ಗಳನ್ನು, ರುಚಿ ನೋಡಲು ಒಂದು ಕ್ರಮ ಇಟ್ಟುಕೊಂಡಿದೆ. ಸಿಗಾರ್‌ನ ಹೆಸರಿರುವ ಕಾಗದದ ಪಟ್ಟಿ ಬಿಚ್ಚಿಯೇ ಸೇದಬೇಕು. ಒಂದೇ ಬ್ಲೆಂಡನ್ನು ಬೇರೆ ಬೇರೆ ದಿನ ಸೇದಬೇಕು. ಕೊನೆಯ ಮೂರನೇ ಒಂದು ಭಾಗಕ್ಕೆ ಬರುವ ತನಕ ಅಂಕ ಬರೆಯಬಾರದು. ಕೇಳಲು ಸರಳ, ಪಾಲಿಸಲು ಕಷ್ಟ. ಯಾಕೆಂದರೆ ಚಿನ್ನದ ಅಂಚಿನ ಆ ಕಾಗದದ ಪಟ್ಟಿಯೂ ಅದರ ಬೆಲೆಯೂ ನಾಲಿಗೆಗಿಂತ ಮೊದಲೇ ರುಚಿ ಹೇಳಿಬಿಡುತ್ತವೆ.

ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಯವನು. ನಮ್ಮ ಕಡೆ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯಲ್ಲಿ, ಮಳೆಯಾಶ್ರಯದಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಬ್ಯಾರನ್ ಎಂಬ ಒಣಗಿಸುವ ಮನೆಯೊಳಗೆ ಕಡ್ಡಿಗೆ ಕಟ್ಟಿದ ಸೊಪ್ಪನ್ನು ನೇತುಹಾಕಿ, ಬೆಂಕಿಯ ಬಿಸಿಯನ್ನು ಕೊಳವೆಗಳಲ್ಲಿ ಹಾಯಿಸಿ ಐದಾರು ದಿನದಲ್ಲಿ ಹಳದಿಗೆ ತಂದು ಒಣಗಿಸುತ್ತಾರೆ. ಸಕ್ಕರೆಯ ಅಂಶ ಎಲೆಯಲ್ಲೇ ಉಳಿಯುತ್ತದೆ, ಹೊಗೆ ಆಮ್ಲೀಯವಾಗಿರುತ್ತದೆ. ಸಿಗಾರ್ ಎಲೆಯ ದಾರಿಯೇ ಬೇರೆ. ಅದನ್ನು ಬೆಂಕಿಯಿಲ್ಲದೆ ಗಾಳಿಯಲ್ಲೇ ವಾರಗಟ್ಟಲೆ ಒಣಗಿಸುತ್ತಾರೆ. ಎಲೆ ಕಂದಾಗುವಷ್ಟರಲ್ಲಿ ಸಕ್ಕರೆ ಬಹುಪಾಲು ಕರಗಿ ಹೋಗಿರುತ್ತದೆ. ಆಮೇಲೆ ಪಿಲೋನ್ ಎಂಬ ದೊಡ್ಡ ರಾಶಿಗಳಲ್ಲಿ ಒಟ್ಟುತ್ತಾರೆ. ರಾಶಿ ತಾನೇ ಬಿಸಿಯೇರಿ ಹುದುಗುತ್ತದೆ. ಒಳಗಿನ ಬಿಸಿ ನೋಡಿಕೊಂಡು ಅದನ್ನು ಬಿಚ್ಚಿ, ಮಗುಚಿ, ಮತ್ತೆ ಒಟ್ಟುತ್ತಾರೆ. ಈ ಹುದುಗಿನಲ್ಲೇ ಅಮೋನಿಯ ಹೊರಬೀಳುವುದು.

ಈ ವ್ಯತ್ಯಾಸ ತಿಳಿದಿದ್ದರಿಂದ ನನಗೆ ಸಿಗಾರ್ ಬೇಗ ಅರ್ಥವಾಯಿತು. ಸಿಗಾರ್ ಹೊಗೆ ಕ್ಷಾರೀಯ. ಹಾಗಾಗಿ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ, ಶ್ವಾಸಕೋಶಕ್ಕೆ ಎಳೆದುಕೊಳ್ಳುವ ಅಗತ್ಯವೇ ಇಲ್ಲ. ಊರಿನಿಂದ ಬಂದ ಸಿಗರೇಟಿನ ಅಭ್ಯಾಸದ ಬಂಧುಗಳು ಮೊದಲ ದಮ್ಮಿಗೇ ಎದೆಗೆ ಎಳೆದು ಕೆಮ್ಮುವುದನ್ನು ನೋಡಿದ್ದೇನೆ. ಬಾಯಿಯಲ್ಲಿ ತುಂಬಿಸಿಕೊಳ್ಳಬೇಕು, ತುಸು ಹೊತ್ತು ಇಟ್ಟುಕೊಳ್ಳಬೇಕು, ಬಿಡಬೇಕು. ಬಿಡುವಾಗ ಒಂದು ಪಾಲನ್ನು ಮೂಗಿನಿಂದ ಹೊರಗೆ ಕಳಿಸಿದರೆ ಅರ್ಧಕ್ಕಿಂತ ಹೆಚ್ಚು ಪರಿಮಳ ಅಲ್ಲಿ ಗೊತ್ತಾಗುತ್ತದೆ. ಕಾಳುಮೆಣಸಿನ ಖಾರ, ದೇವದಾರು ಮರದ ಗಂಧ ನಾಲಿಗೆಗಿಂತ ಮೂಗಿಗೇ ಸ್ಪಷ್ಟ.

ಟ್ಯಾಂಪಾ ಊರು ಬೆಳೆದದ್ದೇ ಸಿಗಾರ್‌ನಿಂದ. 1880ರ ದಶಕದಲ್ಲಿ ವಿಸೆಂತೆ ಮಾರ್ತಿನೆಸ್ ಈಬೋರ್ ಇಲ್ಲಿ ಕಾರ್ಖಾನೆ ಕಟ್ಟಿದ ಮೇಲೆ ಕ್ಯೂಬಾದಿಂದ ಸಿಗಾರ್ ಸುತ್ತುವವರು ಬಂದು ನೆಲೆಸಿದರು. ಕೆಲಸ ಮಾಡುವವರಿಗೆ ಎತ್ತರದ ಪೀಠದ ಮೇಲೆ ಕೂತು ಪತ್ರಿಕೆ, ಕಾದಂಬರಿ ಓದಿ ಹೇಳುವ ಲೆಕ್ತೋರ್‌ಗಳಿದ್ದರು. ಅವರ ಸಂಬಳವನ್ನು ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು. ಕ್ಯೂಬಾದ ಎಲೆ ಬರುವುದು ಅಮೆರಿಕದ 1962ರ ವ್ಯಾಪಾರ ನಿರ್ಬಂಧದಿಂದ ನಿಂತಿತು. ಆದರೂ 1910ರಲ್ಲಿ ಕಟ್ಟಿದ, ಗಡಿಯಾರದ ಗೋಪುರವಿರುವ ಎಲ್ ರೆಲೋಹ್ ಕಾರ್ಖಾನೆಯಲ್ಲಿ ಜೆ.ಸಿ. ನ್ಯೂಮನ್ ಕಂಪನಿ ಇಂದಿಗೂ ಸಿಗಾರ್ ಮಾಡುತ್ತಿದೆ. ನಮ್ಮ ಗುಂಪಿನ ಹಿರಿಯರು ಈ ಪರಂಪರೆಯವರು, ಕೈಯಿಂದ ಸಿಗಾರ್ ಸುತ್ತಿ ನಿವೃತ್ತರಾದವರು. ನಾವೆಲ್ಲ ಅವರನ್ನು ‘ಮಾಯೆಸ್ತ್ರೊ’, ಅಂದರೆ ಗುರು, ಎಂದೇ ಕರೆಯುತ್ತೇವೆ.

ಹೊಸ ಬ್ಲೆಂಡುಗಳು ಇಷ್ಟೊಂದು ಬರುತ್ತಿರುವುದಕ್ಕೆ ಕಾನೂನೂ ಒಂದು ಕಾರಣ. ಅಮೆರಿಕದ ಎಫ್‌ಡಿಎ (ಆಹಾರ, ಔಷಧ, ತಂಬಾಕಿನ ಮೇಲೆ ನಿಯಂತ್ರಣವಿರುವ ಸರ್ಕಾರಿ ಸಂಸ್ಥೆ) ತನ್ನ ತಂಬಾಕು ನಿಯಮಗಳನ್ನು 2016ರ ಆಗಸ್ಟ್ 8ರಿಂದ ಸಿಗಾರ್‌ಗೂ ಅನ್ವಯಿಸಿತು. ಹೊಸದಾಗಿ ಮಾರುಕಟ್ಟೆಗೆ ತರುವ ಬ್ಲೆಂಡಿಗೆ ಮುಂಚಿತ ಅನುಮತಿ ಬೇಕು ಎಂದಾಯಿತು. ಆ ತಾರೀಖಿಗೆ ಮುಂಚೆ ಎಷ್ಟೋ ಕಂಪನಿಗಳು ಅವಸರದಲ್ಲಿ ಹೆಸರು ಮಾತ್ರ ಇದ್ದ ಬ್ಲೆಂಡುಗಳನ್ನು ಅಷ್ಟಿಷ್ಟು ಮಾರಿ ದಾಖಲೆ ಮಾಡಿಟ್ಟುಕೊಂಡವು. 2023ರ ಆಗಸ್ಟ್ 9ರಂದು ವಾಷಿಂಗ್ಟನ್‌ನ ನ್ಯಾಯಾಧೀಶ ಅಮಿತ್ ಮೆಹ್ತಾ ಪ್ರೀಮಿಯಂ ಸಿಗಾರ್‌ಗಳ ಮಟ್ಟಿಗೆ ಆ ನಿಯಮವನ್ನು ರದ್ದು ಮಾಡಿದರು. ಈಗ ಪ್ರತಿ ವರ್ಷದ ವ್ಯಾಪಾರ ಮೇಳ ಮುಗಿದ ಮೇಲೆ ಅಂಗಡಿಯ ಕಪಾಟುಗಳಲ್ಲಿ ಹೊಸ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಯಾವುದನ್ನು ಕೊಳ್ಳುವುದು, ಯಾವುದನ್ನು ಬಿಡುವುದು ಎನ್ನುವುದಕ್ಕೇ ನಮಗೆ ಕ್ರಮ ಬೇಕಾಯಿತು.

ಇನ್ನು ಆ ಕ್ರಮದ ವಿಷಯ. ಒಂದೊಂದು ಬ್ಲೆಂಡಿನಲ್ಲೂ ಆದಷ್ಟು ರೊಬುಸ್ಟೊ ಅಳತೆಯದನ್ನೇ ಕೊಳ್ಳುತ್ತೇವೆ: ಐದು ಇಂಚು ಉದ್ದ, 50 ರಿಂಗ್ ದಪ್ಪ. ಒಂದು ರಿಂಗ್ ಎಂದರೆ ಇಂಚಿನ 64ನೇ ಒಂದು ಭಾಗ. ಅಳತೆ ಬದಲಾದರೆ ರುಚಿಯೂ ಬದಲಾಗುತ್ತದೆ. ತೆಳ್ಳನೆಯ ಲಾನ್ಸೆರೊದಲ್ಲಿ ಹೊರ ಎಲೆಯ ಪಾಲು ಹೆಚ್ಚು, ದಪ್ಪದ 60 ರಿಂಗಿನದರಲ್ಲಿ ಒಳಗೆ ತುಂಬಿದ ಎಲೆಯದೇ ಮಾತು. ಅಳತೆ ಬೇರೆಬೇರೆ ಇಟ್ಟುಕೊಂಡು ಎರಡು ಬ್ಲೆಂಡುಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಅಂಗಡಿಯಿಂದ ತಂದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ 65 ಶೇಕಡಾ ತೇವಾಂಶ ಕಾಯ್ದುಕೊಳ್ಳುವ ಬೊವೇಡಾ ಪೊಟ್ಟಣದ ಜೊತೆ ಇಡುತ್ತೇನೆ. ಫ್ಲಾರಿಡಾದಲ್ಲಿ ಹೊರಗೆ ಸೆಕೆ, ಮನೆಯೊಳಗೆ ಏಸಿಯ ಒಣಗಾಳಿ. ಮರದ ಪೆಟ್ಟಿಗೆಯನ್ನೇ ನಂಬಿ ಕೂತರೆ ತೇವ ಏರಿಳಿಯುತ್ತಲೇ ಇರುತ್ತದೆ. ಒಳಗಿಡುವ ತೇವಮಾಪಕವನ್ನು ಮೊದಲು ಪರೀಕ್ಷಿಸಬೇಕು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನೀರು ಚಿಮುಕಿಸಿ ಒದ್ದೆ ಮಾಡಿ, ಮಾಪಕದ ಜೊತೆ ಮುಚ್ಚಿದ ಚೀಲದಲ್ಲಿ ಒಂದು ದಿನ ಇಟ್ಟರೆ ಅದು 75 ತೋರಿಸಬೇಕು. ತೋರಿಸಿದ್ದು ಎಷ್ಟು ಹೆಚ್ಚೋ ಕಡಿಮೆಯೋ ಅಷ್ಟನ್ನು ಲೆಕ್ಕಕ್ಕೆ ಹಿಡಿದರಾಯಿತು. ಹೆಚ್ಚು ತೇವದ ಸಿಗಾರ್ ಎಳೆಯಲು ಬಿಗಿ, ಓರೆಯಾಗಿ ಉರಿಯುತ್ತದೆ, ಕಹಿ ಬರುತ್ತದೆ. ಆ ಕಹಿಯನ್ನು ಬ್ಲೆಂಡಿನ ತಲೆಗೆ ಕಟ್ಟುವುದು ಅನ್ಯಾಯ.

ಇಟ್ಟು ಕಾಯುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಹೊಸ ಬ್ಲೆಂಡು ಎಷ್ಟೋ ಸಲ ಎಳೆಯದಾಗಿಯೇ ಅಂಗಡಿ ಸೇರುತ್ತದೆ. ಸುತ್ತುವಾಗ ಎಲೆಗೆ ತೇವ ಕೊಟ್ಟಿರುತ್ತಾರೆ. ಆಮೇಲೆ ದೇವದಾರು ಹಲಗೆಯ ಕೋಣೆಯಲ್ಲಿ ಇಟ್ಟು ಆ ತೇವ ಇಳಿದು, ಬೇರೆಬೇರೆ ಎಲೆಗಳ ಗಂಧ ಒಂದಕ್ಕೊಂದು ಬೆರೆಯಲು ಬಿಡಬೇಕು. ಹುದುಗು ಪೂರ್ತಿಯಾಗದ ಎಲೆಯಾದರೆ ಕೊಟ್ಟಿಗೆಯ ಹಳೆ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದೆ. ಒಂದು ಕಂಪನಿಯ ಬಹಳ ಸುದ್ದಿ ಮಾಡಿದ ಬ್ಲೆಂಡೊಂದು ಬಂದ ವಾರ ಹೀಗೇ ಇತ್ತು. ನಮ್ಮ ಗುಂಪಿನ ಮಂಡ್ಯದ ಗೆಳೆಯ ಎರಡು ದಮ್ಮಿಗೇ ಬೂದಿ ಬಟ್ಟಲಿಗೆ ಒರಗಿಸಿದ. “ಗೌಡ್ರೇ, ಇದಕ್ಕಿಂತ ನಮ್ಮಜ್ಜನ ಚುಟ್ಟವೇ ವಾಸಿ” ಅಂದ. ಮಾಯೆಸ್ತ್ರೊ ಉಳಿದವನ್ನು ಡಬ್ಬಿಯಲ್ಲಿಡಿಸಿದರು. ಚಳಿಗಾಲ ಕಳೆದ ಮೇಲೆ ತೆಗೆದಾಗ ಘಾಟು ಪೂರ್ತಿ ಹೋಗಿತ್ತು, ಹುರಿದ ಕಡಲೆಬೀಜದ ಸವಿ ಎದ್ದು ಬಂದಿತ್ತು. ಅದೇ ಮಂಡ್ಯದವನು ಹೆಸರು ತಿಳಿಯದೆ ಅದಕ್ಕೆ ಹೆಚ್ಚಿನ ಅಂಕ ಕೊಟ್ಟ.

ಹೆಸರು ಮರೆಮಾಡುವ ಕೆಲಸ ಸರದಿಯಂತೆ ಒಬ್ಬರದು. ಅವರು ಪಟ್ಟಿಗಳನ್ನು ಬಿಚ್ಚಿ, ಬದಲಿಗೆ ಅಂಕಿ ಬರೆದ ಬಿಳಿ ಕಾಗದ ಸುತ್ತುತ್ತಾರೆ, ಆ ದಿನ ಅವರು ಅಂಕ ಕೊಡುವುದಿಲ್ಲ. ಪಟ್ಟಿ ಬಿಚ್ಚುವಾಗ ಜಾಗ್ರತೆ ಬೇಕು, ಅಂಟು ಎಲೆಗೆ ಹಿಡಿದಿದ್ದರೆ ಹೊರ ಎಲೆ ಹರಿಯುತ್ತದೆ. ಪ್ರತಿ ಸುತ್ತಿನಲ್ಲಿ ನಮಗೆಲ್ಲ ಚೆನ್ನಾಗಿ ಗೊತ್ತಿರುವ ಹಳೆಯ ಸಿಗಾರ್ ಒಂದನ್ನು ಸೇರಿಸುತ್ತೇವೆ. ಸಾಮಾನ್ಯವಾಗಿ ಅದು 2012ರಲ್ಲಿ ಬಂದ ಒಲಿವಾದ ಸೀರೀ ವಿ ಮೆಲಾನಿಯೊ: ಈಕ್ವೆಡಾರ್‌ನ ಸುಮಾತ್ರಾ ತಳಿಯ ಹೊರ ಎಲೆ, ಒಳಗೆ ನಿಕರಾಗುವಾ. ಈ ಪರಿಚಿತ ಸಿಗಾರ್‌ಗೇ ಒಬ್ಬ ಕಡಿಮೆ ಅಂಕ ಕೊಟ್ಟರೆ ಆ ಸುತ್ತಿನಲ್ಲಿ ಅವನ ಬಾಯಿ ಸರಿಯಿಲ್ಲವೆಂದು ಲೆಕ್ಕ. ಆ ಸುತ್ತಿನ ಅವನ ಅಂಕ ಬಿಟ್ಟುಬಿಡುತ್ತೇವೆ. ಒಬ್ಬೊಬ್ಬರಿಗೆ ದಿನಕ್ಕೆ ಒಂದೇ ಸಿಗಾರ್, ಕುಡಿಯಲು ನೀರು ಮಾತ್ರ. ಕಾಫಿಯೋ ರಮ್ಮೋ ಜೊತೆಗಿದ್ದರೆ ರುಚಿ ಯಾವುದರದೆಂದು ಹೇಳಲಾಗದು.

ಹಚ್ಚುವ ಮುನ್ನ ಬೆರಳಲ್ಲಿ ಮೆಲ್ಲಗೆ ಒತ್ತುತ್ತ ಉದ್ದಕ್ಕೂ ಹೋಗಿ ನೋಡಬೇಕು. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಂಟು ಸಿಕ್ಕಿದರೆ ಒಳತುಂಬಿಕೆ ಸಮವಾಗಿಲ್ಲ. ತಲೆ ಕತ್ತರಿಸಿ, ಹಚ್ಚದೆಯೇ ಒಂದು ಎಳೆತ. ಅಲ್ಲಿಯೇ ಒಣಹುಲ್ಲು, ಕೋಕೊ, ಒಣದ್ರಾಕ್ಷಿಯಂಥ ಸುಳಿವುಗಳು ಬರುತ್ತವೆ. ಆಮೇಲೆ ನಿಮಿಷಕ್ಕೊಂದು ದಮ್ಮು. ಅವಸರ ಮಾಡಿದರೆ ಕೆಂಡ ಕಾದು ಎಲ್ಲ ಸಿಗಾರೂ ಒಂದೇ ಥರ ಸುಟ್ಟ ರುಚಿ ಕೊಡುತ್ತವೆ.

ರುಚಿಯನ್ನು ಓದಲು ಗಿಡವನ್ನು ನೆನಪಿಟ್ಟುಕೊಳ್ಳುವುದು ನನಗೆ ಸಹಾಯ ಮಾಡಿದೆ. ನಮ್ಮೂರಲ್ಲಿ ಸೊಪ್ಪು ಮುರಿಯುವುದು ಅಡಿಯಿಂದ ಮೇಲಕ್ಕೆ, ಸಿಗಾರ್ ಎಲೆಯದೂ ಬಹುಮಟ್ಟಿಗೆ ಹಾಗೆಯೇ. ಅಡಿಯ ಎಲೆ ವೊಲಾದೊ, ಚೆನ್ನಾಗಿ ಉರಿಯುವುದಕ್ಕೆ. ಅದರ ಮೇಲಿನದು ಸೆಕೊ, ಪರಿಮಳಕ್ಕೆ. ಬಿಸಿಲು ಕುಡಿದ ತುದಿಯ ಲಿಗೆರೊ ದಪ್ಪ, ಎಣ್ಣೆಯುಕ್ತ, ಖಾರ. ಅದು ನಿಧಾನಕ್ಕೆ ಉರಿಯುವುದರಿಂದ ಕಟ್ಟಿನ ನಟ್ಟನಡುವೆ ಇಡುತ್ತಾರೆ. ನಿಕರಾಗುವಾದಲ್ಲಿ ನೆಲವೂ ಮಾತಾಡುತ್ತದೆ: ಎಸ್ತೆಲಿಯ ಕಪ್ಪು ಮಣ್ಣಿನದು ಗಡಸು, ಹಲಾಪಾ ಕಣಿವೆಯದು ಸಿಹಿ ಮತ್ತು ಮೃದು, ಕೊಂದೆಗಾ ಇವೆರಡರ ನಡುವಿನದು.

ಇತ್ತೀಚಿನ ಸುತ್ತುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದವು ಎರಡು ಮೂರು. ಮೊದಲನೆಯದು ಇ.ಪಿ. ಕಾರಿಯೊ ಪ್ಲೆಜ್. 2020ರಲ್ಲಿ ಬಂದು ಅದೇ ವರ್ಷ ಸಿಗಾರ್ ಅಫಿಶಿಯೊನಾಡೊ ಪತ್ರಿಕೆಯ ವರ್ಷದ ಸಿಗಾರ್‌ಗಳ ಸಾಲಿನಲ್ಲಿ ಮೊದಲ ಸ್ಥಾನ ಪಡೆದದ್ದು. ಹೆಸರು ಮರೆಮಾಡಿ ಸೇದಬೇಕಾದ ಸಿಗಾರ್ ಎಂದರೆ ಇಂಥದ್ದೇ, ಪ್ರಶಸ್ತಿಯ ನೆನಪು ನಾಲಿಗೆಯ ಮೇಲೆ ಕೂತುಬಿಟ್ಟಿರುತ್ತದೆ. ಕನೆಕ್ಟಿಕಟ್‌ನಲ್ಲಿ ಬೆಳೆದ ಹವಾನಾ ತಳಿಯ ಹೊರ ಎಲೆ, ಈಕ್ವೆಡಾರ್‌ನ ಕಟ್ಟು ಎಲೆ (ಒಳತುಂಬಿಕೆಯನ್ನು ಸುತ್ತಿ ಹಿಡಿಯುವ ಎಲೆ), ನಿಕರಾಗುವಾದ ಒಳತುಂಬಿಕೆ. ಮೊದಲ ಭಾಗದಲ್ಲಿ ಕರಿಮೆಣಸು ಮುಂದೆ ನಿಲ್ಲುತ್ತದೆ, ನಡುವಿಗೆ ಬಂದಾಗ ಚಿಕೋರಿ ಬೆರೆಸದ ಗಟ್ಟಿ ಕಾಫಿ ಮತ್ತು ಕೋಕೊ. ನನ್ನ ಹಾಳೆಯಲ್ಲಿ ಅದಕ್ಕೆ ಅತಿ ಹೆಚ್ಚು ಅಂಕ ಬಿದ್ದದ್ದು ಕೊನೆಯ ಭಾಗಕ್ಕೆ. ಬೆರಳು ಸುಡುವಷ್ಟು ಹತ್ತಿರ ಬಂದರೂ ಅದು ಒಗರಾಗಲಿಲ್ಲ.

ಎರಡನೆಯದು 2024ರ ಮೈ ಫಾದರ್ ಬ್ಲೂ. ಎಸ್ತೆಲಿಯ ಹೆಸರಿನಿಂದಲೇ ಪರಿಚಿತವಾದ ಗಾರ್ಸಿಯಾ ಕುಟುಂಬ ಇದನ್ನು ಹೊಂಡುರಾಸ್‌ನಲ್ಲಿ ಮಾಡಿಸಿದೆ. ಅವರ ಸಿಗಾರ್ ಎಂದರೆ ಆರಂಭದಲ್ಲೇ ಮೂಗಿಗೇರುವ ಮೆಣಸಿನ ಖಾರ ಎಂದು ನಾವು ರೂಢಿ ಮಾಡಿಕೊಂಡಿದ್ದೆವು. ಪಟ್ಟಿ ಇಲ್ಲದಾಗ ಗುಂಪಿನಲ್ಲಿ ಯಾರೂ ಇದನ್ನು ಅವರದೆಂದು ಗುರುತಿಸಲಿಲ್ಲ. ನನಗೆ ಸಿಕ್ಕಿದ್ದು ಮಳೆ ಬಿದ್ದ ಮಣ್ಣು, ಅದರ ಹಿಂದೆ ಬೆಲ್ಲದ ಸಿಹಿ. ಮಾಯೆಸ್ತ್ರೊಗೆ ಅದು ಸಾಲದು, “ಇದರಲ್ಲಿ ಬೆನ್ನೆಲುಬು ಬೇಕಿತ್ತು” ಎಂದರು. ನನಗಂತೂ ಬೆಳಗಿನ ಹೊತ್ತಿಗೆ ಇದೇ ಒಪ್ಪುತ್ತದೆ.

ಹೊರ ಎಲೆಯ ಪಾತ್ರ ಕಲಿಯಬೇಕೆನ್ನುವವರಿಗೆ ನಾನು ಹೇಳುವುದು 2022ರ ಪೆರ್ದೊಮೊ 30ನೇ ವಾರ್ಷಿಕದ ಸಾಲು. ಒಂದೇ ಹೆಸರಿನಲ್ಲಿ ತಿಳಿ ಬಣ್ಣದ ಕನೆಕ್ಟಿಕಟ್, ಬಿಸಿಲಲ್ಲಿ ಬೆಳೆದ ಸನ್ ಗ್ರೋನ್, ಕಪ್ಪು ಮಡೂರೊ ಎಂಬ ಮೂರು ಬಗೆಯ ಹೊರ ಎಲೆ. ಹೊರ ಎಲೆಗಳನ್ನು ಬೂರ್ಬನ್ ವಿಸ್ಕಿಯ ಪೀಪಾಯಿಗಳಲ್ಲಿ ಹಣ್ಣಾಗಿಸಿದ್ದಾರೆ. ಒಂದು ವಾರ ಒಂದೊಂದನ್ನು ಸೇದಿ ನೋಡಿ. ಬೆಣ್ಣೆಯ ನುಣುಪಿನಿಂದ ಒಣಹಣ್ಣಿನ ಗಾಢ ಸಿಹಿಯವರೆಗೆ ಹೋಗುವ ದಾರಿ ನಾಲಿಗೆಗೇ ತಿಳಿಯುತ್ತದೆ. ಇನ್ನೊಂದು ಮಾತು: ಕಪ್ಪು ಹೊರ ಎಲೆ ಎಂದರೆ ಖಾರ ಎಂದು ತಿಳಿಯಬೇಡಿ. ಮಡೂರೊದ ಕಪ್ಪು ದೀರ್ಘ ಹುದುಗಿನಿಂದ ಬರುವುದು. ಎಷ್ಟೋ ಸಲ ಅದೇ ಹೆಚ್ಚು ಸಿಹಿ.

ಇದನ್ನೆಲ್ಲ ಬರೆಯುವಾಗ ಮುಚ್ಚಿಡಬಾರದ ಸಂಗತಿಯೊಂದಿದೆ. ಹೊಗೆ ಒಳಗೆಳೆಯದಿದ್ದರೂ ಸಿಗಾರ್ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ದಾರಿ. ಕೈಯಲ್ಲಿ ಸುತ್ತಿದ್ದು, ದುಬಾರಿಯದ್ದು ಎಂಬ ಕಾರಣಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. ನಮ್ಮ ಗುಂಪಿನಲ್ಲಿ ವರ್ಷಕ್ಕೊಮ್ಮೆ ಹಲ್ಲಿನ ವೈದ್ಯರಿಗೆ ಬಾಯಿ ತೋರಿಸದವರಿಗೆ ಅಂಕದ ಹಾಳೆ ಕೊಡುವುದಿಲ್ಲ. ಸೇದದವರಿಗೆ ಶುರು ಮಾಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ, ಮನೆಯೊಳಗೆ, ಮಕ್ಕಳಿರುವ ಕಡೆ ಹಚ್ಚುವುದೂ ಇಲ್ಲ.

ಸೇದುವವರು, ಹೊಸದನ್ನು ಕೊಳ್ಳಲು ಹೊರಟವರು, ಪೆಟ್ಟಿಗೆ ಬೇಡ, ಮೂರೋ ನಾಲ್ಕೋ ಬಿಡಿ ಸಿಗಾರ್ ತನ್ನಿ. ಕ್ಯೂಬಾದ ಪೆಟ್ಟಿಗೆಗಳ ತಳದಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಬೇರೆ ದೇಶದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಸರಕು ಯಾವಾಗ ಬಂತೆಂದು ಅಂಗಡಿಯವರನ್ನೇ ಕೇಳಿ. ಒಂದನ್ನು ಆ ವಾರ ಸೇದಿ, ಉಳಿದವನ್ನು ತಾರೀಖು ಬರೆದು ಡಬ್ಬಿಗೆ ಹಾಕಿ. ಎರಡನೆಯದನ್ನು ಸೇದುವಾಗ ಮೊದಲನೆಯದರ ಟಿಪ್ಪಣಿ ಓದಬೇಡಿ. ಸೇದಿ ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.