ಪರಿಕಲ್ಪನೆ ಕಲಿಸಲು ಉದಾಹರಣೆ ಆರಿಸುವುದು ಹೇಗೆ?

ಅವಿಭಾಜ್ಯ ಸಂಖ್ಯೆ ಕಲಿಸುವಾಗ 3, 5, 7, 11, 13 ಎಂದಷ್ಟೇ ಬರೆದರೆ ಮಕ್ಕಳು ‘ಬೆಸ ಸಂಖ್ಯೆಗಳೆಲ್ಲ ಅವಿಭಾಜ್ಯ’ ಎಂದುಕೊಳ್ಳುತ್ತಾರೆ. ತಪ್ಪು ಅವರದಲ್ಲ, ಕೊಟ್ಟ ಉದಾಹರಣೆಗಳಲ್ಲಿ ಹಾಗೇ ಕಾಣುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲೇ 2 ಇರಲಿ. ಪಕ್ಕದಲ್ಲಿ ಅವಿಭಾಜ್ಯವಲ್ಲದ 9, 15 ಬರೆದು, 9 ಮೂರರಿಂದ ಭಾಗವಾಗುತ್ತದೆ ಎಂದು ಅವರಿಂದಲೇ ಹೇಳಿಸಿ. 1 ಕೊನೆಗೆ ಬರಲಿ: ಅದಕ್ಕೆ ಒಂದೇ ಭಾಜಕ, ಅವಿಭಾಜ್ಯಕ್ಕೆ ಸರಿಯಾಗಿ ಎರಡು ಬೇಕು. ವ್ಯಾಖ್ಯೆ ಗಟ್ಟಿಯಾಗುವುದು ಇಂಥ ಗಡಿಯ ಉದಾಹರಣೆಯಲ್ಲೇ, ಇಲ್ಲಿ ಅವಸರ ಬೇಡ.

ತ್ರಿಭುಜವನ್ನೂ ಓರೆಯಾಗಿ, ತಲೆಕೆಳಗಾಗಿ ಬರೆದು ತೋರಿಸಿ. ಮೂರು ಗೆರೆಗಳಿದ್ದೂ ಒಂದು ಮೂಲೆ ಕೂಡದ ಚಿತ್ರ ಜೊತೆಗಿರಲಿ.

‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು 51 ಕೊಟ್ಟು, ಇದು ಅವಿಭಾಜ್ಯವೇ, ಯಾಕೆ ಎಂದು ಕೇಳಿ. 17ರ ಮಗ್ಗಿ ಬಾರದವರು 3ರಿಂದ ಭಾಗಿಸಿ ನೋಡಲಿ.