ಕುಯ್ಲು ಮುಗಿದ ಮೇಲೆ ಟ್ರಮಡಾಲ್ ಇಳಿಸಿದ್ದು: ನನ್ನ ಅನುಭವ

"ಎಂಬತ್ತು ದಾಟಿದವರಿಗೆ ಇನ್ನೇನು ಬಿಡಿಸ್ತೀರಿ, ತಗೊಂಡು ಆರಾಮಾಗಿರಲಿ ಬಿಡಿ" ಎಂದು ಕೊಡಗಿನ ವೀರಾಜಪೇಟೆ ಕಡೆಯ ಡಾಕ್ಟರ್ ಮಿತ್ರರು, ನಾನು ಹಿರಿಯರಿಗೆ ಟ್ರಮಡಾಲ್ (ಅಫೀಮಿನ ಜಾತಿಯ ನೋವಿನ ಮಾತ್ರೆ) ಇಳಿಸಲು ಹೊರಟಾಗ ನಗುತ್ತಿದ್ದರು. ಈಗ ಅವರೇ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಿರಿಯರ ಚೀಟಿ ನಿಮಗೂ ಗೊತ್ತಿರುವುದೇ. ಸವೆದ ಮಂಡಿಗೆ ಟ್ರಮಡಾಲ್, ಮೇಲೆ ನರದ ನೋವಿಗೆಂದು ಪ್ರಿಗಾಬಲಿನ್, ನಿದ್ದೆಗೆ ಕ್ಲೋನಾಜೆಪಾಮ್. ಸಂಜೆ ಎರಡು ಪೆಗ್ ಬೇರೆ. ರಾತ್ರಿ ಮೂತ್ರಕ್ಕೆ ಎದ್ದವರು ಬೀಳದೆ ಇನ್ನೇನು? 2018ರಲ್ಲಿ ಟ್ರಮಡಾಲ್ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂತು. ಆದರೂ ತೋಟದ ಮನೆಗಳ ಕಪಾಟಿನಲ್ಲಿ ಹಳೇ ಸ್ಟ್ರಿಪ್‌ಗಳಿಗೆ ಬರವಿಲ್ಲ.

ಮೊದಲು ಮಳೆಗಾಲದಲ್ಲೇ ಇಳಿಸಲು ಹೋದೆ. ಕಕ್ಕಡದ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಚಳಿಗೆ ಕೀಲು ಹಿಡಿದಿರುತ್ತದೆ, ಕರೆಂಟ್ ಇಲ್ಲ, ಫೋನ್ ಸಿಗುವುದಿಲ್ಲ. ಮಾತ್ರೆ ಇಳಿಸಿದ್ದಕ್ಕೆ ಬೆವರು, ಭೇದಿ, ನಿದ್ದೆಯಿಲ್ಲ ಎಂದು ಮಕ್ಕಳು ಜೀಪ್ ಮಾಡಿಕೊಂಡು ಬೇರೆ ಕ್ಲಿನಿಕ್‌ಗೆ ಹೋದರು. ಆ ವರ್ಷ ನನ್ನ ಗಳಿಕೆಯೂ ಚೆನ್ನಾಗಿಯೇ ಇಳಿಯಿತು.

ಆಮೇಲೆ ಬ್ಯೂಪ್ರೆನಾರ್ಫಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನೋವಿನ ಔಷಧಿ) ಹಿಡಿದೆ. ವಾರಕ್ಕೊಂದು, ಕಿಡ್ನಿ ಸೋತವರಿಗೂ ನಡೆಯುತ್ತದೆ. ತಿಂಗಳಿಗೆ ಸಾವಿರದ ಮೇಲೆ ಖರ್ಚು. ಅದಿರಲಿ, ಒಲೆ ಮುಂದೆ ಕೂತು ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ಶಾಖಕ್ಕೆ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ. ಒಬ್ಬರು ಅಜ್ಜಿ ಮಧ್ಯಾಹ್ನದ ಊಟಕ್ಕೂ ಕಣ್ಣು ಬಿಡುತ್ತಿರಲಿಲ್ಲ. ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆ ಬಿಡಿ ಎಂದರೆ ಯಾರು ಕೇಳುತ್ತಾರೆ?

ಗೆದ್ದದ್ದು ಕಾಫಿ ಕುಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಗೆ ಶುರು ಮಾಡಿದಾಗ. ಬಿಸಿಲಿದೆ, ಮನೆಯವರಿಗೂ ಪುರುಸೊತ್ತು. ಎಸ್‌ಆರ್ (ನಿಧಾನಕ್ಕೆ ಕರಗುವ) ಮಾತ್ರೆಯನ್ನು ಮುರಿಯುವಂತಿಲ್ಲ, ಅದಕ್ಕೆ ಮೊದಲು ಸಾದಾ 50 ಮಿ.ಗ್ರಾಂ ಕ್ಯಾಪ್ಸೂಲ್. ಆಮೇಲೆ ಒಂದೊಂದು ಹೊತ್ತಿನದನ್ನೇ ಪ್ಯಾರಾಸಿಟಮಾಲ್ ಸೇರಿದ 37.5ಕ್ಕೆ, ಮುಂದೆ ಅದರ ಅರ್ಧಕ್ಕೆ. ಪ್ರತಿ ಮೆಟ್ಟಿಲಿಗೆ ಮೂರ್ನಾಲ್ಕು ವಾರ. ರಾತ್ರಿಯ ಡೋಸ್ ಕೊನೆಗೆ. ಪ್ಯಾರಾಸಿಟಮಾಲ್ ಒಟ್ಟು ದಿನಕ್ಕೆ 3 ಗ್ರಾಂ ದಾಟಬಾರದು. ಕ್ಲೋನಾಜೆಪಾಮನ್ನೂ ಜೊತೆಗೇ ಇಳಿಸಬೇಡಿ, ಅದರ ಸರದಿ ಬೇರೆ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಇದ್ದರೆ ರಕ್ತದ ಸೋಡಿಯಂ ನೋಡಿ, ಫಿಟ್ಸ್ ಬಂದಿತ್ತಾ ಎಂದು ಕೇಳಿ. ಟ್ರಮಡಾಲ್ ಇರುವಷ್ಟು ದಿನ ಮಲಬದ್ಧತೆಗೆ ಬಿಸಾಕೊಡಿಲ್ ಇರಲಿ. ನೀರೇ ಕುಡಿಯದವರಿಗೆ ಇಸಬ್‌ಗೋಲ್ ಕೊಟ್ಟರೆ ಇನ್ನೂ ಕಷ್ಟ. ಖಾಲಿ ಸ್ಟ್ರಿಪ್ ವಾಪಸ್ ತಂದರೆ ಮಾತ್ರ ಹೊಸ ಚೀಟಿ.

ಮಧ್ಯೆ ಕ್ಯಾಪ್ಸೈಸಿನ್ (ಮೆಣಸಿನಕಾಯಿಯ ಖಾರದ) ಮುಲಾಮನ್ನೂ ಪ್ರಯತ್ನಿಸಿದೆ. ಮೂರ್ನಾಲ್ಕು ಜನ ಕೈ ತೊಳೆಯದೆ ಕಣ್ಣುಜ್ಜಿಕೊಂಡು ನನಗೆ ಸರಿಯಾಗಿ ಬೈದರು. ಮಂಡಿಗೆ ಡೈಕ್ಲೋಫೆನಾಕ್ ಜೆಲ್ಲೇ ವಾಸಿ.

ಸಂಜೆಯ ಪೆಗ್ ಹೇಗೆ ಕಡಿಮೆ ಮಾಡಿಸುತ್ತೇನೆ ಎಂದು ಇಲ್ಲಿ ಹೇಳುವುದಿಲ್ಲ. ನಮ್ಮ ಅಜ್ಜಂದಿರು ಓದಿಬಿಟ್ಟರೆ ಕೆಲಸ ಕೆಟ್ಟಿತು!

ನೆನಪಿನ ಲೆಕ್ಕದಲ್ಲಿ ಮೂವತ್ತರ ಹತ್ತಿರ ಜನ ಆಗಿದ್ದಾರೆ. ಮುಕ್ಕಾಲು ಪಾಲು ಪೂರ್ತಿ ಬಿಟ್ಟರು, ಉಳಿದವರು ಅರ್ಧಕ್ಕೆ ನಿಂತರು. ಕ್ಯಾನ್ಸರ್ ನೋವಿನವರು ಈ ಲೆಕ್ಕದಲ್ಲಿಲ್ಲ. ಅವರಿಗೆ ಮಾರ್ಫಿನ್ ಕೊಡಲು ಹಿಂದೆಮುಂದೆ ನೋಡುವುದೇ ತಪ್ಪು.