ಗಿನಿ ಕೋಳಿ ಸಾಕುವುದು ಹೇಗೆ?

ನಿಮ್ಮ ಮನೆ ದಾವಣಗೆರೆಯ ಬಡಾವಣೆಯಲ್ಲಿದ್ದರೆ ಗಿನಿ ಕೋಳಿಯ ಆಸೆ ಬಿಟ್ಟುಬಿಡಿ. ಹೊಸಬರು ಯಾರೇ ಕಂಡರೂ ಹಿಂಡಿಗೆ ಹಿಂಡೇ ಕಿರುಚುತ್ತದೆ. ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ. ಚಳ್ಳಕೆರೆ ಕಡೆಯ ಹೊಲದ ಮನೆಗೋ ಚನ್ನಗಿರಿಯ ಅಡಿಕೆ ತೋಟಕ್ಕೋ ಆದರೆ ಅದೇ ಕಿರುಚಾಟ ಪುಕ್ಕಟೆ ಕಾವಲು. ಹಾವು, ಮುಂಗುಸಿ ಬಂದರೆ ಮೊದಲು ಇವಕ್ಕೇ ಗೊತ್ತಾಗುತ್ತದೆ.

ಬೂದು ಮೈ, ಬಿಳಿ ಚುಕ್ಕೆ, ಬೋಳು ತಲೆ, ನೆತ್ತಿಯ ಮೇಲೊಂದು ಕೊಂಬು. ಮೂಲ ಆಫ್ರಿಕಾ, ಹಾಗಾಗಿ ನಮ್ಮ ಬಿಸಿಲಿಗೆ ಹೆದರುವುದಿಲ್ಲ. ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ತಳಿಗಳಿವೆ.

ದೊಡ್ಡ ಹಕ್ಕಿ ತರಬೇಡಿ, ಹಾರಿ ಹೋಗುತ್ತವೆ. ಮೊಟ್ಟೆ ತಂದು, ಕಾವಿಗೆ ಬಂದ ನಾಟಿ ಹೇಂಟೆಯ ಕೆಳಗಿಡಿ. ಕೋಳಿ ಮೊಟ್ಟೆಗೆ 21 ದಿನ ಸಾಕು, ಇದಕ್ಕೆ 26ರಿಂದ 28 ದಿನ ಬೇಕು. ಹಾಗಾಗಿ ಆಗಲೇ ಹಲವು ದಿನ ಕಾವು ಕೂತ ಹೇಂಟೆ ಬೇಡ, ಅರ್ಧಕ್ಕೆ ಎದ್ದು ಹೋದೀತು.

ಮೊದಲ ಕೆಲವು ವಾರ ಮಾತ್ರ ಬಹಳ ಜೋಪಾನ. ದೊಡ್ಡವಾದ ಮೇಲೆ ಗಟ್ಟಿ ಪಿಂಡ, ಆದರೆ ಮರಿ ಒದ್ದೆಯಾದರೆ ಮುಗಿಯಿತು. ಬೆಳಗಿನ ಇಬ್ಬನಿಯ ಹುಲ್ಲೂ ಸಾಕು ಕೊಲ್ಲಲು. ಹೇಂಟೆ ಇಲ್ಲದಿದ್ದರೆ ಬಲ್ಬ್ ಹಾಕಿ ಮೊದಲ ವಾರ 35 ಡಿಗ್ರಿ ಶಾಖ ಕೊಡಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ನೀರಿಗೆ ಚಿಕ್ಕ ತಟ್ಟೆ ಇಟ್ಟು ಅದರ ತುಂಬ ಬೆಣಚುಕಲ್ಲು ಹಾಕಿ. ಮರಿ ಕಲ್ಲಿನ ಸಂದಿಗೆ ಕೊಕ್ಕು ಹಾಕಿ ಕುಡಿಯಬೇಕು, ಕಾಲಿಡಲು ಜಾಗ ಇರಬಾರದು. ನೆಲಕ್ಕೆ ಪೇಪರ್ ಹಾಸಿದರೆ ಜಾರಿ ಕಾಲು ಸೊಟ್ಟಗಾಗುತ್ತವೆ, ಗೋಣಿಚೀಲ ಒಳ್ಳೆಯದು. ಮೇವಿನಲ್ಲಿ ಪ್ರೋಟೀನ್ 24 ಶೇಕಡಾ ಇರಲಿ. ಬರೀ ನುಚ್ಚು ಹಾಕಿದರೆ ಬೆಳೆಯುವುದಿಲ್ಲ.

ಆರು ವಾರ ಗೂಡಲ್ಲೇ ಇಟ್ಟು ಮನೆ ಯಾವುದೆಂದು ಕಲಿಸಿ. ಆಮೇಲೆ ಸಂಜೆ ಮೇವಿನ ಹೊತ್ತಿಗೆ ಮುಂಚೆ ಎರಡೋ ಮೂರೋ ಬಿಡಿ. ಉಳಿದವು ಒಳಗಿದ್ದರೆ ಹೋದವು ತಾವಾಗಿಯೇ ಬರುತ್ತವೆ. ಎಲ್ಲ ಒಟ್ಟಿಗೆ ಬಿಟ್ಟಿರೋ, ರಾತ್ರಿ ಹುಣಸೆ ಮರದ ತುದಿಯಲ್ಲಿ ಹುಡುಕಬೇಕಾಗುತ್ತದೆ!

ಗಂಡು ಹೆಣ್ಣು ಗುರುತಿಸಲು ಕೂಗು ಕೇಳಿ. ಎರಡು ತುಂಡಾಗಿ ಕೂಗುವುದು ಹೆಣ್ಣು ಮಾತ್ರ. ಬೇಸಿಗೆಯಿಂದ ಮಳೆಗಾಲದವರೆಗೆ ಮೊಟ್ಟೆ ಇಡುತ್ತವೆ, ವರ್ಷಕ್ಕೆ ನೂರರ ಆಸುಪಾಸು. ಪೊದೆಯಲ್ಲಿ ಬಚ್ಚಿಡುವ ಚಾಳಿ ಜಾಸ್ತಿ. ಮಧ್ಯಾಹ್ನದವರೆಗೆ ಗೂಡಲ್ಲೇ ಇಡಿ, ಹುಡುಕುವ ಕೆಲಸ ಅಷ್ಟು ಕಡಿಮೆ. ಪೊದೆಯ ಗೂಡು ಸಿಕ್ಕರೂ ನಾಲ್ಕೈದು ಮೊಟ್ಟೆ ಅಲ್ಲೇ ಬಿಡಿ. ಪೂರ್ತಿ ಖಾಲಿ ಮಾಡಿದರೆ ಜಾಗ ಬದಲಿಸುತ್ತದೆ. ಚಿಪ್ಪು ಗಟ್ಟಿ, ಸಾಗಿಸುವಾಗ ಒಡೆಯುವುದು ಕಡಿಮೆ.

ಕುರಿ ರೊಪ್ಪದ ಸುತ್ತ ಬಿಟ್ಟರೆ ಉಣ್ಣಿ ಹುಳ ಹೆಕ್ಕುತ್ತವೆ. ಮಿಡತೆ, ಗೆದ್ದಲೂ ಇಷ್ಟ. ಕೋಳಿಯಷ್ಟು ನೆಲ ಕೆದಕುವುದಿಲ್ಲ. ಆದರೆ ಬಿತ್ತಿದ ಬೀಜ ಕಂಡರೆ ಬಿಡುವ ಪೈಕಿ ಅಲ್ಲ. ಶೇಂಗಾ, ಮೆಕ್ಕೆಜೋಳ ಬಿತ್ತಿದ ಮೇಲೆ ಮೊಳಕೆ ಬಂದು ಗಟ್ಟಿಯಾಗುವವರೆಗೆ ಗೂಡಿನ ಬಾಗಿಲು ತೆಗೆಯಬೇಡಿ.